ನೀವು ಉದ್ಘಾಟಿಸಿ ಬೀಗ ಹಾಕಿಸಿದ ಶೌಚಾಲಯ

ಮಾನ್ಯ ವಾರ್ಡ್ ಅಧಿಕಾರಿಗಳೇ,

ಕಳೆದ ಭಾನುವಾರ ತಾವು ರಿಬ್ಬನ್ ಕತ್ತರಿಸಿ ಉದ್ಘಾಟಿಸಿದ ಮಹಿಳಾ ಶೌಚಾಲಯಕ್ಕೆ ಅಂದೇ ತಾವೇ ಬೀಗ ಹಾಕಿಸಿದಿರಿ. ಆ ಬೀಗ ಇಂದಿಗೂ ಅಲ್ಲೇ ಇದೆ. ದೂರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು, ಆದರೆ ಚುಟುಕಾಗಿ ಹೇಳಿ ನನಗೆ ರೂಢಿಯಿಲ್ಲ. “ಸಾಕು ಮಾರಾಯ್ರೆ, ಊಟಕ್ಕೆ ಬನ್ನಿ” ಎಂದು ನನ್ನ ಮಾತು ನಿಲ್ಲಿಸುತ್ತಿದ್ದವಳು ತೀರಿಕೊಂಡು ನಾಲ್ಕು ವರ್ಷವಾಯಿತು. ತಾವು ಕನ್ನಡ ಓದುವುದಿಲ್ಲವೆಂದು ಬಲ್ಲೆ. ಮರಾಠಿಯಲ್ಲಿ ಕೊಟ್ಟ ಅರ್ಜಿಯನ್ನೂ ತಾವು ಓದಿಲ್ಲವಾದ್ದರಿಂದ ಭಾಷೆ ಬದಲಾದದ್ದರಿಂದ ಯಾರಿಗೂ ನಷ್ಟವಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಕಲ್ಯಾಣದಿಂದ ವಾಶಿಯವರೆಗೆ ಕೂಲಿಯವರು ಬಂದು ನಿಲ್ಲುವ ಯಾವ ನಾಕಾದ ಹೆಂಗಸರು ಇದನ್ನು ಓದಿಸಿ ಕೇಳಿದರೂ ತಮ್ಮದೇ ಕತೆ ಎಂದುಕೊಂಡಾರು.

ನಾನು ಒಂದು ಸಣ್ಣ ಸೇವಾ ಕ್ಲಬ್ಬಿನ ಅಧ್ಯಕ್ಷ. ಹೆಂಡತಿ ಹೋದ ಮೇಲೆ ಸಂಜೆ ಕಳೆಯಲು ತಿಳಿಯದ ಗಂಡಸರನ್ನು ಹಿಡಿದು ಅಧ್ಯಕ್ಷರನ್ನಾಗಿ ಮಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನಮ್ಮೂರಿನ ನಾಕಾದಲ್ಲಿ ಬೆಳಗಾಗುತ್ತಲೇ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಹೆಂಗಸರು ಗಾರೆ ಕೆಲಸಕ್ಕೆ ಯಾರಾದರೂ ಕರೆದಾರೆಂದು ಕಾಯುತ್ತ ನಿಲ್ಲುತ್ತಾರೆ. ಅಲ್ಲೊಂದು ಶೌಚಾಲಯ ಕಟ್ಟಿಸೋಣ ಎಂದವನು ನಾನು. ಕಾರಣ ನನ್ನ ಹೆಂಡತಿ ವಾರಿಜಾ. ಅವಳು ಠಾಣೆಯಲ್ಲೊಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಅಲ್ಲಿ ಹೆಂಗಸರಿಗೆಂದು ಬೇರೆ ವ್ಯವಸ್ಥೆ ಇರಲಿಲ್ಲ. ಬೆಳಿಗ್ಗೆ ಲೋಕಲ್ ಹತ್ತಿದವಳು ಸಂಜೆ ಮನೆ ಸೇರುವ ತನಕ ನೀರು ಮುಟ್ಟುತ್ತಿರಲಿಲ್ಲ. “ಎರಡು ಗುಟುಕಾದರೂ ಕುಡಿ” ಎಂದರೆ, “ಕುಡಿದು ಎಲ್ಲಿಗೆ ಹೋಗ್ಲಿ, ನಿಮ್ಮ ಆಫೀಸಿಗಾ?” ಎಂದು ನಗುತ್ತಿದ್ದಳು. ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. ಕಾರಣ ಬೇರೆ ಎಂದರು ಡಾಕ್ಟರು. ಇದ್ದೀತು. ನಾನು ನೈಟ್ ಕಾಲೇಜಿನ ಬಿ.ಕಾಂ., ಮೆಡಿಕಲ್ ಒಪೀನಿಯನ್ ಕೊಡಲಾರೆ. ಶೌಚಾಲಯಕ್ಕೆ ಅವಳ ಹೆಸರಿಡಿಸಿದೆ, ಅಷ್ಟೇ. ಪೇಂಟರ್ ‘ದಿವಂಗತ’ ಎಂದು ಸೇರಿಸಹೊರಟಾಗ ಬೇಡವೆಂದೆ. ಓದಿದವರಿಗೆಲ್ಲ ಅವಳು ಸತ್ತಿದ್ದಾಳೆಂದು ಏಕೆ ಸಾರಬೇಕು?

ಉದ್ಘಾಟನೆಯ ದಿನ ನಾಕಾದ ಹೆಂಗಸರು ಒಗೆದ ಸೀರೆಯುಟ್ಟು ಬಿಸಿಲಲ್ಲಿ ಕಾದರು. ತಾವು ತಡವಾಗಿ ಬಂದಿರಿ, ಮಾತೃಶಕ್ತಿಯ ಬಗ್ಗೆ ಸೊಗಸಾಗಿ ಮಾತಾಡಿದಿರಿ, ಒಳಗೆ ಹೋಗಿ ನೋಡಿ “ವೆರಿ ನೈಸ್” ಎಂದಿರಿ. ಆ ಮಹಿಳಾ ಶೌಚಾಲಯದೊಳಗೆ ಇದುವರೆಗೆ ಕಾಲಿಟ್ಟ ಅತಿಥಿಗಳು ಯಾರು ಗೊತ್ತೆ? ತಾವು, ಫೋಟೋಗ್ರಾಫರ್ ಮತ್ತು ನಾನು. ಮೂವರೂ ಗಂಡಸರು. ಹೊರಗೆ ಬಂದ ಮೇಲೆ ತಮ್ಮ ಜವಾನ ಬೀಗ ಜಡಿದು, “ಹ್ಯಾಂಡಿಂಗ್ ಓವರ್ ಆಗೋವರೆಗೆ ಹೀಗೇ” ಎಂದ. ಯಾರು ಯಾರಿಗೆ ಹ್ಯಾಂಡ್ ಓವರ್ ಮಾಡಬೇಕಿತ್ತು? ಕಟ್ಟಿದವರು ನಾವು, ಪಡೆದವರು ತಾವು, ಬೇಕಾದವರು ಎದುರಿಗೇ ನಿಂತಿದ್ದರು.

ಅಂದಿನಿಂದ ನಮ್ಮ ಸೇವಾ ಸಪ್ತಾಹ. ರಕ್ತದಾನ, ರಬಾಳೆಯ ಕಾರ್ಖಾನೆಯ ಗೇಟಿನಲ್ಲಿ ಕಣ್ಣಿನ ತಪಾಸಣೆ, ಮುಂಬ್ರಾದ ಮಕ್ಕಳಿಗೆ ಶಾಲಾಚೀಲ, ಎಲ್ಲ ಕಡೆಗೂ ಒಂದೇ ಬ್ಯಾನರ್ ಬಿಚ್ಚಿ ಕಟ್ಟಿ ನನ್ನ ಮೊಣಕಾಲು ಸೋತಿತು. ಇದರ ನಡುವೆ ದಿನಾ ತಮ್ಮ ಕಚೇರಿಗೂ ಬಂದೆ. ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರು ಸೈಟಿನಲ್ಲಿ, ಚಾವಿ ಸಾಹೇಬರ ಡ್ರಾವರಿನಲ್ಲಿ. ಬೀಗ ಒಡೆಯೋಣವೆಂದರೆ ನಮ್ಮ ಕಾರ್ಯದರ್ಶಿ ಜಯಶೀಲರು, “ಬೇಡ ಮಾರಾಯ್ರೆ, ಸರಕಾರಿ ಆಸ್ತಿ ಹಾಳು ಮಾಡಿದ್ರು ಅಂತ ಕೇಸ್ ಹಾಕ್ತಾರೆ. ಈ ವಯಸ್ಸಲ್ಲಿ ಲಾಕಪ್ಪಿನಲ್ಲಿ ನಿಮ್ಮ ಬಿಪಿ ಮಾತ್ರೆ ಯಾರು ಕೊಡುವುದು?” ಎಂದರು.

ಶುಕ್ರವಾರ ನಾಕಾಕ್ಕೆ ಹೋದೆ. ಶರಣಬಸಮ್ಮ ಎಂಬಾಕೆ ಬುಟ್ಟಿ ಬೋರಲು ಹಾಕಿ ಕೂತಿದ್ದಳು. ನಾನು ಕನ್ನಡದವನೆಂದು ತಿಳಿದು ಕೇಳಿದಳು: “ಕಾಕಾ, ಮ್ಯಾಲ ಬೋರ್ಡಿನ್ಯಾಗ ಹೆಸರೈತಲ್ಲ, ಈ ವಾರಿಜಾಬಾಯಿ ಅನ್ನಾಕಿ ಎಲ್ಲಿರ್ತಾಳ್ರಿ?”

“ಯಾಕಮ್ಮ?” ಎಂದೆ.

“ಬೀಗಾ ಹಾಕ್ಕೊಂಡು ಕುಂತಾಳಲ್ಲ. ತಾನೂ ಹೆಣ್ಣಾಗಿ ಹಿಂಗ ಮಾಡ್ತಾರೇನ್ರಿ? ಒಂದಿನಾ ಕರ್ಕೊಂಡ್ ಬರ್ರಿ, ನಮ್ಮ ಜೋಡಿ ಸಂಜಿತನಾ ನಿಂದರ್ಲಿ. ಆಮ್ಯಾಲ ತಾನಾ ಬೀಗಾ ತಗೀತಾಳ.”

ಪಕ್ಕದಲ್ಲಿದ್ದ ಮಲ್ಲಿಕಾ, “ಬಿಡಬೇ, ಆಕಿ ಬಂಗಲೇದಾಗ ಇರಾಕಿ. ಆಕೀಗೇನ್ ಗೊತ್ತಾಗ್ತೈತಿ ನಮ್ಮ ತ್ರಾಸು” ಎಂದಳು. ಎಲ್ಲರೂ ನಕ್ಕರು. “ಆಕೆಗೆ ಹೇಳ್ತೇನಮ್ಮ” ಎಂದು ಹೊರಟುಬಂದೆ.

ಶನಿವಾರ ಸಮಾರೋಪದಲ್ಲಿ ತಮಗೆ ಶಾಲು ಹೊದಿಸಿದವನೂ ನಾನೇ. ಹೊದಿಸುತ್ತ ಕಿವಿಯಲ್ಲಿ ಚಾವಿಯ ವಿಷಯ ಕೇಳಿದೆ. “ಪ್ರೊಸೆಸ್‌ನಲ್ಲಿದೆ ಅಂಕಲ್” ಎಂದು ತಾವು ಕ್ಯಾಮೆರಾ ನೋಡಿ ನಕ್ಕಿರಿ. ಆ ಫೋಟೋದಲ್ಲಿ ನಾನೂ ನಗುತ್ತಿದ್ದೇನೆ.

ಆದ್ದರಿಂದ ಬೀಗ ತೆಗೆಯಿರೆಂದು ಇನ್ನು ಕೇಳುವುದಿಲ್ಲ. ಅದು ನನ್ನ ಕಾಲದಲ್ಲಿ ಆಗುವ ಕೆಲಸವಲ್ಲವೆಂದು ಒಪ್ಪಿಕೊಂಡಿದ್ದೇನೆ. ನನ್ನ ಬೇಡಿಕೆ ಒಂದೇ: ಆ ಬೋರ್ಡಿನಿಂದ ವಾರಿಜಾಳ ಹೆಸರು ಅಳಿಸಲು ಅಪ್ಪಣೆ ಕೊಡಿ. ಬಣ್ಣ ನಾನೇ ತರುತ್ತೇನೆ. ಖಾಲಿ ಜಾಗ ಚೆನ್ನಾಗಿ ಕಾಣದೆನಿಸಿದರೆ ಅಲ್ಲಿ ತಮ್ಮ ಹೆಸರು ಬರೆಯಿಸಿಕೊಳ್ಳಿ. ದಿನಾ ಬೆಳಿಗ್ಗೆ ಆ ಹೆಂಗಸರು ಬೈಯುವುದು ತಪ್ಪುವುದಿಲ್ಲ, ಸರಿಯಾದ ಹೆಸರು ಹಿಡಿದಾದರೂ ಬೈಯಲಿ.

ಪತ್ರದ ಕೊನೆಗೆ ‘ಐ ಬೆಗ್ ಟು ರಿಮೇನ್’ ಎಂದು ಬರೆಯಬೇಕೆಂದು ನೈಟ್ ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನ ಮಾತುಗಳು ಮರೆತುಹೋಗಿವೆ. ಬೇಡುವುದಷ್ಟೇ ನೆನಪಿದೆ.

ಇಂತಿ,
ಬೀಗದ ಹೊರಗೆ ನಿಂತಿರುವ
ವಾರಿಜಾಳ ಗಂಡ