ಕಾಲರಿನ ಮೇಲೆ ಕೆಂಪು ಹೊಲಿಗೆ

ಅಂಗಡಿಯ ಮೇಲಿನ ಕೋಣೆ
ಸೆಪ್ಟೆಂಬರ್ ೭, ಭಾನುವಾರ

ಪ್ರೀತಿಯ ಸೊಸೆಗೆ, ನಿನ್ನ ಅತ್ತೆ ಮನಸಾರೆ ಹರಸಿ ಬರೆಯುವುದೇನೆಂದರೆ,

ಮೊದಲು ನಿನ್ನ ಮಣಿಕಟ್ಟಿನ ನೋವು ಹೇಗಿದೆ ಎಂದು ತಿಳಿಸು. ನಾಟಕದವರ ಆ ದಪ್ಪ ಮಖಮಲ್ಲನ್ನು ಹಗಲೂ ರಾತ್ರಿ ಕೈಯಲ್ಲಿ ಹೊಲಿಯುತ್ತಾ ಕೂತರೆ ನೋಯದೆ ಇನ್ನೇನಾಗುತ್ತದೆ? ರಾಜನ ನಿಲುವಂಗಿ ಒಂದು ದಿನ ಹರಿದೇ ಇರಲಿ, ನೋಡುವವರು ರಾಜ್ಯಕ್ಕೆ ಕಷ್ಟ ಬಂದಿದೆ ಎಂದುಕೊಳ್ಳುತ್ತಾರೆ, ಅಷ್ಟೇ. ಊರಿಂದೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ನಿನಗೆ ಗಾಳಿ ಆಗುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವೆಲ್ಲ ಕ್ಷೇಮ. ನನ್ನ ಮಂಡಿಗಳು ಮೆಟ್ಟಿಲು ಕಂಡರೆ ಗೊಣಗುತ್ತವೆ, ಉಳಿದಂತೆ ನಾನು ಗಟ್ಟಿ. ನಿನ್ನ ಗಂಡನೂ ಚೆನ್ನಾಗಿದ್ದಾನೆ. ಇಸ್ತ್ರಿ ಪೆಟ್ಟಿಗೆಯಾದರೂ ಆಗಾಗ ಉಸ್ಸೆನ್ನುತ್ತದೆ, ಅವನು ಅದೂ ಇಲ್ಲ. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವ ನಮ್ಮ ಅಕ್ಕ ನಿನ್ನನ್ನು ದಿನಕ್ಕೊಮ್ಮೆಯಾದರೂ ನೆನೆಯುತ್ತಾಳೆ. ಗುಂಡಿ ಎಣಿಸಿಕೊಡಲು ನೀನಿಲ್ಲ ಎನ್ನುವುದು ಅವಳ ದುಃಖ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತಲ್ಲ ಎನ್ನಬೇಡ. ಎದುರಿನವರ ಮುಖ ಕಾಣದೆ ಗದರಿಸಿ ನನಗೆ ಅಭ್ಯಾಸವಿಲ್ಲ.

ನಿನ್ನ ಪತ್ರ ತಲುಪಿತು. “ಅವಳು ತಪ್ಪೊಪ್ಪಿಗೆಗೆ ಸಹಿ ಹಾಕಿ ಮುಗಿಸಿಬಿಡಲಿ ಅತ್ತೆ, ಕೊನೆಯ ವರ್ಷ, ಶಾಲೆಯಿಂದ ಹೊರಗೆ ಹಾಕಿದರೆ ಪರೀಕ್ಷೆಗೆ ಎಲ್ಲಿ ಕೂರುತ್ತಾಳೆ” ಎಂದು ಬರೆದಿದ್ದೀಯ. ತಾಯಿಯ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾವು ಸೂಜಿ ಎಂದು ಕರೆಯುವ ನಿನ್ನ ಮಗಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ, ಪರೀಕ್ಷೆಗೆ ಕೂರುತ್ತಾಳೆ. ಸಹಿ ಮಾತ್ರ ಹಾಕಲಿಲ್ಲ. ಈ ಎರಡೂ ಹೇಗೆ ಒಟ್ಟಿಗೆ ಆದವು ಎನ್ನುವುದನ್ನು ಹೇಳಲು ಕೂತಿದ್ದೇನೆ. ಫೋನಿನಲ್ಲಿ ನಿನ್ನ ಗಂಡ ಹೇಳಿರುವುದು ಅರ್ಧದಲ್ಲಿ ಅರ್ಧವೂ ಇರಲಾರದು.

ಶಾಲೆಯ ಮೆಟ್ಟಿಲ ಪಕ್ಕದ ಗೋಡೆ ಪತ್ರಿಕೆ ನಿನಗೆ ಗೊತ್ತಲ್ಲ, ಮಕ್ಕಳು ಬರೆದು ಅಂಟಿಸುವುದು. ಇವಳು ಅದರಲ್ಲಿ ಒಂದು ಪುಟ ಬರೆದಳು. ಹುಡುಗಿಯರ ಶೌಚಾಲಯಕ್ಕೆ ಪಾಠದ ಹೊತ್ತಿನಲ್ಲಿ ಬೀಗ ಹಾಕಿರುತ್ತಾರೆ, ಬೀಗದ ಕೈ ಗುಮಾಸ್ತರ ಬಳಿ, ಹೋಗಬೇಕಾದವಳು ಎಲ್ಲರೆದುರು ಅವರ ಮೇಜಿನ ಮುಂದೆ ನಿಂತು ಕಾರಣ ಹೇಳಬೇಕು, ಅದಕ್ಕೆ ಹೆದರಿ ಎಷ್ಟೋ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಇದು ಸರಿಯೇ ಎಂದು ಕೇಳಿದ್ದಳು. ಅಷ್ಟೇ. ಒಂದು ಕೆಟ್ಟ ಮಾತಿಲ್ಲ, ಯಾರ ಹೆಸರೂ ಇಲ್ಲ. ಮುಖ್ಯೋಪಾಧ್ಯಾಯರು ಅದನ್ನು ಮಧ್ಯಾಹ್ನದೊಳಗೆ ತೆಗೆಸಿಹಾಕಿದರು. ಶಾಲೆಯ ಮಾನ ಹೋಗುತ್ತದಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಾದ ಬಗೆ ಕೇಳಿದರೆ ನೀನು ನಗುತ್ತೀಯ. ಆ ವಾರ ಗುಂಡಿ ಹಾಕಿಸಲು, ಜೇಬು ಹೊಲಿಸಲು ಶಾಲೆಯ ಮಕ್ಕಳ ಅಂಗಿಗಳು ಬಂದವು. ಒಂದನ್ನು ಬಿಡಿಸುತ್ತೇನೆ, ಕಾಲರಿನ ತುದಿಯಲ್ಲಿ ಕೆಂಪು ದಾರದ ಒಂದು ಹೊಲಿಗೆ! ನಮ್ಮ ಅಂಗಡಿಯಲ್ಲಿ ಅದರ ಅರ್ಥವೇನು ಎಂದು ನಿನಗೆ ಹೇಳಬೇಕೇ? ನೀನು ಈ ಮನೆಗೆ ಹೊಸದಾಗಿ ಬಂದಾಗ, ಬ್ಯಾಂಡಿನವರ ಕೋಟಿಗೆ ನಾನು ಎಡದ ತೋಳನ್ನು ಬಲಕ್ಕೆ ಕೂರಿಸಿದ್ದೆ. ನನ್ನೆದುರು ಬಾಯಿ ಬಿಡಲು ಹೆದರಿ, ನೀನು ಆ ತೋಳಿನ ಮೇಲೆ ಕೆಂಪು ದಾರದಲ್ಲಿ ಒಂದೇ ಒಂದು ಹೊಲಿಗೆ ಹಾಕಿಟ್ಟೆ. ನಾನು ನೋಡಿದೆ, ಏನೂ ಹೇಳದೆ ತೋಳು ಬಿಚ್ಚಿದೆ. ಅಂದಿನಿಂದ ಅದೇ ನಮ್ಮ ಕಟ್ಟಳೆ. ಯಾರ ಕಣ್ಣಿಗೆ ತಪ್ಪು ಕಂಡರೂ ಕೆಂಪು ಹೊಲಿಗೆ ಹಾಕಬಹುದು, ಹಾಕಿದವರನ್ನು ಯಾರೂ ಬೈಯುವಂತಿಲ್ಲ, ನಾನು ನೋಡುವವರೆಗೆ ಆ ದಾರವನ್ನು ಯಾರೂ ಕತ್ತರಿಸುವಂತಿಲ್ಲ.

ಸರಿ, ನಿನ್ನ ಗಂಡನಿಗೋ ಅಕ್ಕನಿಗೋ ಏನೋ ಕಂಡಿದೆ ಎಂದುಕೊಂಡು ಆ ಕಾಲರನ್ನು ಬಿಚ್ಚಿದೆ. ಒಳಪದರ ನೋಡಿದೆ, ಅಳತೆ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಒಂದು ಎಳೆಯೂ ಆಚೀಚೆ ಇಲ್ಲ. ಮತ್ತೆ ಹೊಲಿದೆ. ಇನ್ನೊಂದು ಅಂಗಿ ತೆಗೆದರೆ ಅದಕ್ಕೂ ಕೆಂಪು ಹೊಲಿಗೆ. ಅದನ್ನೂ ಬಿಚ್ಚಿದೆ. ಸಂಜೆಯ ಹೊತ್ತಿಗೆ ಕತ್ತರಿಸುವ ಮೇಜಿನ ಮೇಲೆ ಕಾಲರುಗಳ ಗುಡ್ಡೆ, ಪಕ್ಕದಲ್ಲಿ ಕುತ್ತಿಗೆ ಇಲ್ಲದ ಅಂಗಿಗಳು. ನನ್ನ ಕಾಲರ್ ಯಾರ ಕಣ್ಣಿಗೆ ಚುಚ್ಚುತ್ತಿದೆ ಎಂದು ನಾನು ಕೂಗಾಡಿದ್ದು ಬೀದಿಯ ಆ ತುದಿಗೆ ಕೇಳಿಸಿರಬೇಕು. ಅಕ್ಕ ತನ್ನ ಕಣ್ಣಾಣೆ ಎಂದಳು. ನಿನ್ನ ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿದ, ಮತ್ತೆ ಇಟ್ಟ. ಅಷ್ಟರಲ್ಲಿ ಸೂಜಿ ಶಾಲೆಯಿಂದ ಬಂದಳು. ಅವಳ ಕಾಲರಿನ ಮೇಲೂ ಅದೇ! ಗುಡ್ಡೆಯನ್ನು ನೋಡಿ, ನನ್ನ ಮುಖ ನೋಡಿ, ನಗುತ್ತಾ ನಗುತ್ತಾ ಬಟ್ಟೆಯ ಮೂಟೆಯ ಮೇಲೆ ಕುಸಿದಳು. “ಅಜ್ಜಿ, ತಪ್ಪು ಕಾಲರಲ್ಲಿ ಇಲ್ಲ. ಶಾಲೇಲಿದೆ.” ಪುಟ ಕಿತ್ತುಹಾಕಿದ್ದಕ್ಕೆ ಇವಳೂ ಜೊತೆಯ ಮಕ್ಕಳೂ ತಮ್ಮ ತಮ್ಮ ಕಾಲರಿಗೆ ಹಾಕಿಕೊಂಡ ಹೊಲಿಗೆಯಂತೆ ಅದು.

ನನಗೆ ಎಷ್ಟು ಸಿಟ್ಟು ಬಂತು ಎಂದರೆ, ಕತ್ತರಿ ಕೈಯಲ್ಲೇ ಇತ್ತು, ಈಗಲೇ ಆ ದಾರ ಕತ್ತರಿಸು ಎಂದೆ. ಸಮವಸ್ತ್ರ ಎಂದರೆ ನನಗೆ ಏನು ಎಂದು ನಿನಗೆ ಗೊತ್ತು. ಆ ಶಾಲೆಯ ಮಕ್ಕಳು ಸಾಲಾಗಿ ನಿಂತಾಗ ಅಲ್ಲಿ ಕಾಣುವುದು ನನ್ನ ಕೈ. ಅವಳು ಒಂದಿಷ್ಟೂ ಹೆದರದೆ ಹೇಳಿದಳು: “ನೋಡೋವರೆಗೂ ದಾರ ಕತ್ತರಿಸಬಾರದು ಅಂತ ನಿಂದೇ ರೂಲು. ಹೆಡ್ಮಾಷ್ಟ್ರು ಇನ್ನೂ ನೋಡಿಲ್ಲ.” ಕತ್ತರಿ ಕೆಳಗಿಟ್ಟು ಕಾಲರುಗಳನ್ನು ಮತ್ತೆ ಹೊಲಿಯಲು ಕೂತೆ. ಅಕ್ಕ ಗಂಭೀರ ಮುಖ ಹೊತ್ತು ಕಾಜಾ ಹಾಕುತ್ತಾ ಒಳಗೊಳಗೇ ನಗುತ್ತಿದ್ದುದು ಅವಳ ಭುಜದಿಂದ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ, ಶಾಲೆಯವರು ಕಿತ್ತುಹಾಕಿದ ಆ ಪುಟ ನಮ್ಮ ಅಂಗಡಿಯ ಗಾಜಿನ ಮೇಲೆ ಅಂಟಿಕೊಂಡಿದೆ. ಅಳತೆ ಕೊಡಲು ಬಂದವರು, ಅಂಗಿ ಒಯ್ಯಲು ಬಂದವರು, ಸುಮ್ಮನೆ ಹೋಗುವವರು, ಎಲ್ಲರೂ ನಿಂತು ಓದುತ್ತಿದ್ದರು. ತೆಗೆಯೋಣ ಎಂದು ಹೋದವಳು ನಾನೂ ಓದಿದೆ. ಚೆನ್ನಾಗಿ ಬರೆದಿದ್ದಾಳೆ, ಅಕ್ಷರ ಥೇಟ್ ನಿನ್ನ ಹಾಗೆಯೇ. ತೆಗೆಯಲು ಕೈ ಬರಲಿಲ್ಲ. ಆಮೇಲೆ ಶಾಲೆಯಿಂದ ಹೇಳಿ ಕಳಿಸಿದರು: ಹುಡುಗಿ ಮನೆಯಲ್ಲೇ ಇರಲಿ, ಹಿರಿಯರು ಕರೆದುಕೊಂಡು ಬಂದು ತಪ್ಪೊಪ್ಪಿಗೆಗೆ ಸಹಿ ಹಾಕಿಸಿದ ಮೇಲೆ ತರಗತಿಗೆ ಸೇರಿಸುತ್ತೇವೆ ಎಂದು. ನಿನ್ನ ಗಂಡ ಅದನ್ನು ನಿನಗೆ ಫೋನಿನಲ್ಲಿ ತಿಳಿಸಿದ, ಆಮೇಲೆ ನಿನ್ನ ಪತ್ರವೂ ಬಂತು. ನಾನು ಒಗೆದ ಸೀರೆ ಉಟ್ಟು, ಕೈಚೀಲದಲ್ಲಿ ಪೆನ್ನು ಇಟ್ಟುಕೊಂಡು, ಅವಳನ್ನು ಮುಂದೆ ಬಿಟ್ಟುಕೊಂಡು ಹೊರಟೆ. ಸಹಿ ಹಾಕಿಸಿಯೇ ಬರುವುದೆಂದು ಹೊರಟದ್ದು.

ಮುಖ್ಯೋಪಾಧ್ಯಾಯರು ಮರ್ಯಾದೆಯಿಂದಲೇ ಕುರ್ಚಿ ಕೊಟ್ಟರು. ಹುಡುಗನಾಗಿದ್ದಾಗ ಅವರು ಶಾಲೆಗೆ ಹಾಕಿದ ಮೊದಲ ಚಡ್ಡಿ ಹೊಲಿದವಳು ನಾನು. ಸೊಂಟ ಸಡಿಲ ಎಂದು ಅಂಗಡಿಯ ಬಾಗಿಲಲ್ಲಿ ನಿಂತು ಅತ್ತಿದ್ದರು. ಆ ವಿಷಯ ನಾನು ಎತ್ತಲಿಲ್ಲ, ಅವರೂ ಮರೆತಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ಅವರು ಶಿಸ್ತಿನ ಬಗ್ಗೆ ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸಿದೆ. ಪಾಠದ ನಡುವೆ ಮಾತಾಡಿದರೆ ಹೊರಗೆ ನಿಲ್ಲಿಸಿ, ತಡವಾಗಿ ಬಂದರೆ ಗದರಿ, ಸಮವಸ್ತ್ರದಲ್ಲಿ ಸಮವಸ್ತ್ರದ್ದಲ್ಲದ ದಾರ ಇರಬಾರದು ಎಂದರೆ ನಾನೇ ಬಿಚ್ಚುತ್ತೇನೆ ಎಂದೆ. ಆಮೇಲೆ ಅವರು ಅಂಗಡಿಯ ಗಾಜಿನ ಮೇಲಿನ ಪುಟವನ್ನೂ ಇಂದೇ ತೆಗೆಸಬೇಕು, ನಮ್ಮ ವಿದ್ಯಾರ್ಥಿನಿ ಎಲ್ಲಿ ಏನು ಬರೆದರೂ ಅದು ಶಾಲೆಗೆ ಸೇರಿದ್ದು ಎಂದರು. ಅಲ್ಲಿ ನನ್ನ ಬೆನ್ನು ನೆಟ್ಟಗಾಯಿತು. “ನಿಮ್ಮ ಗಂಟೆ ಕೇಳಿಸುವಷ್ಟು ದೂರವೂ ನಿಮ್ಮದೇ ಅಂದ್ರೆ, ಅದು ನನ್ನ ಅಡುಗೆಮನೆಗೂ ಕೇಳಿಸುತ್ತೆ ಸರ್. ಅಲ್ಲಿ ಯಾರು ಏನು ಮಾತಾಡಬೇಕು ಅಂತಾನೂ ಹೇಳಿ ಕಳಿಸ್ತೀರಾ?” ಎಂದೆ. ಮುಂದಿನ ವರ್ಷದ ಸಮವಸ್ತ್ರ ಬೇರೆಯವರಿಗೆ ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಅವರು ಟೈಪು ಮಾಡಿಸಿದ ತಪ್ಪೊಪ್ಪಿಗೆಯನ್ನು ಮುಂದಿಟ್ಟರು. ನಾನು ಕನ್ನಡಕ ಹಾಕಿಕೊಂಡು ಓದಿದೆ. ದಾರ ಹಾಕಿದ್ದು ತಪ್ಪು ಎಂದಿತ್ತು, ಇರಲಿ. ಅದರ ಕೆಳಗೆ, “ನಾನು ಬರೆದದ್ದು ಸುಳ್ಳು” ಎಂದಿತ್ತು. ಸೂಜಿ ಅದರ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ಪೆನ್ನಿಗಾಗಿ ಚೀಲದೊಳಗೆ ಹೋಗಿತ್ತು, ಅಲ್ಲೇ ನಿಂತಿತು. ಆ ಹೊತ್ತಿಗೆ ಸರಿಯಾಗಿ, ಏನು ಹೇಳಲಿ, ವಯಸ್ಸು ನೋಡು, ನನಗೆ ಹೊರಗೆ ಹೋಗಬೇಕಾಯಿತು. ನಾಟಕ ಆಡಿದೆ ಎಂದುಕೊಳ್ಳಬೇಡ, ಆ ಕಲೆ ನಿನ್ನ ಕಂಪನಿಯವರಿಗೇ ಇರಲಿ. ನಿಜವಾಗಿಯೂ ಹೋಗಬೇಕಾಗಿತ್ತು. ಶಿಕ್ಷಕರ ಶೌಚಾಲಯ ಮಹಡಿಯ ಮೇಲಿದೆ, ನನ್ನ ಮಂಡಿಗಳು ಏರುವುದಿಲ್ಲ. ಹುಡುಗಿಯರದು ಅದೇ ಪಡಸಾಲೆಯ ಕೊನೆಯಲ್ಲಿ. ಒಬ್ಬಳೇ ಹೋದೆ. ಬೀಗ. ಜವಾನ ಓಡಿ ಹೋಗಿ ಬಂದು, ಗುಮಾಸ್ತರು ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋಗಿದ್ದಾರೆ ಎಂದ. ಪಡಸಾಲೆಯಲ್ಲಿ ಒಂದು ಕಡೆ ಪಾಠ, ಒಂದು ಕಡೆ ಲೆಕ್ಕ ಒಪ್ಪಿಸುವ ಮಕ್ಕಳ ದನಿ, ನಡುವೆ ನಾನು, ಗೋಡೆ ಹಿಡಿದುಕೊಂಡು. ಆಗ ನನಗೆ ಆ ಪುಟದ ಒಂದೊಂದು ಸಾಲೂ ಮತ್ತೆ ಓದಿದಂತಾಯಿತು.

ಸ್ವಲ್ಪ ಹೊತ್ತಿಗೆ ಮುಖ್ಯೋಪಾಧ್ಯಾಯರೇ ಬಂದರು, ಹಿಂದೆ ಸೂಜಿ. ಅವರು ಬೀಗವನ್ನು ನೋಡಿದರು, ನನ್ನನ್ನು ನೋಡಿದರು, ಜವಾನನಿಗೆ ಸುತ್ತಿಗೆ ತಾ ಎಂದರು. ನನ್ನ ಸಲುವಾಗಿ ಒಂದು ಶಾಲೆಯಲ್ಲಿ ಬೀಗ ಒಡೆದರು ಎನ್ನುವುದನ್ನು ಬೀದಿಯಲ್ಲಿ ಯಾರಿಗೂ ಹೇಳಬೇಡ. ತಿರುಗಿ ಕೋಣೆಗೆ ಬಂದವಳು ನಾನು ಚೀಲದಿಂದ ತೆಗೆದದ್ದು ಪೆನ್ನಲ್ಲ, ಕೆಂಪು ದಾರ ಪೋಣಿಸಿದ ಸೂಜಿ. “ಸುಳ್ಳು” ಎಂದಿದ್ದ ಸಾಲಿನ ಮೇಲೆ ಒಂದು ಹೊಲಿಗೆ ಹಾಕಿ ಕಾಗದವನ್ನು ಅವರ ಕಡೆ ತಳ್ಳಿದೆ. ನಮ್ಮ ಅಂಗಡಿಯ ಕಟ್ಟಳೆ ವಿವರಿಸಿದೆ. “ಬೇಡ ಅಂತ ಬಿಟ್ಟ ಬಟ್ಟೆಗೆ ನಮ್ಮಲ್ಲಿ ಯಾರೂ ಕೆಂಪು ದಾರ ಹಾಕೋದಿಲ್ಲ ಸರ್. ಚೆನ್ನಾಗಿ ಬರಲಿ ಅನ್ನೋ ಬಟ್ಟೆಗೇ ಹಾಕೋದು,” ಎಂದೆ. ಅವರು ಆ ಹೊಲಿಗೆಯನ್ನು ಬೆರಳಲ್ಲಿ ಸವರಿ, ಕಾಗದ ಮಡಚಿ ಮೇಜಿನ ಒಳಗೆ ಹಾಕಿದರು. ಮಕ್ಕಳು ಕಾಲರಿನ ದಾರ ಬಿಚ್ಚುವುದು, ಪುಟ ಮತ್ತೆ ಗೋಡೆಗೆ ಬರುವುದು, ಅದರ ಕೆಳಗೆ ಮುಖ್ಯೋಪಾಧ್ಯಾಯರೇ ಉತ್ತರ ಬರೆಯುವುದು ಎಂದಾಯಿತು. ಗಾಜಿನ ಮಾತು ಮತ್ತೆ ಬರಲಿಲ್ಲ. ಅವರ ಮನಸ್ಸು ತಿರುಗಿಸಿದ್ದು ನಾನೇ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಅವರು ಒಳ್ಳೆಯವರು, ಮಗಳೇ. ತಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಆ ಕುರ್ಚಿಯಲ್ಲಿ ಕೂತವರಿಗೆ ಸುಲಭವಲ್ಲ. ಉತ್ತರವನ್ನೂ ಬರೆದರು, ಬೀಗ ತೆಗೆಸಿದ್ದೇವೆ ಎಂದು, ಕೆಳಗೆ ಸಹಿ ಹಾಕಿ. ನೋಡು, ಕೊನೆಗೆ ಸಹಿ ಹಾಕಿದವರು ಅವರು! ನಿನ್ನ ಗಂಡನಿಗೂ ನಾನು ಋಣಿ. ನಾವು ಹಿಂದಿರುಗಿದಾಗ ನಾನು ಮತ್ತೆ ಕಾಲರ್ ಕೂರಿಸಿದ ಅಂಗಿಗಳಿಗೆಲ್ಲ ಇಸ್ತ್ರಿ ಮಾಡಿಟ್ಟಿದ್ದ, “ಹುಡುಗಿ ಊಟ ಮಾಡಿದ್ಲಾ?” ಎಂದು ಬಾಯಿ ಬಿಟ್ಟು ಕೇಳಿದ. ಎಲ್ಲಕ್ಕಿಂತ ಹೆಚ್ಚಾಗಿ ನಿನಗೆ ಋಣಿ. ಅಂದು ಹೆದರುತ್ತಲೇ ಆ ತೋಳಿಗೆ ನೀನು ಹೊಲಿಗೆ ಹಾಕದಿದ್ದರೆ, ಈ ಮನೆಯಲ್ಲಿ ಇಂದಿಗೂ ನನ್ನದೊಂದೇ ದನಿ ಇರುತ್ತಿತ್ತು. ನಿನ್ನ ಮಗಳು ಆ ದಾರವನ್ನು ಶಾಲೆಯವರೆಗೆ ಒಯ್ದಳು. ಸಹಿ ಹಾಕಿಸಲಿಲ್ಲವೆಂದು ನನ್ನ ಮೇಲೆ ಬೇಸರ ಬೇಡ.

ಕಂಪನಿಯ ರಾಜನಿಗೂ ರಾಣಿಗೂ ನನ್ನ ನಮಸ್ಕಾರ ತಿಳಿಸು. ಕೈಗೆ ಬಿಸಿ ನೀರಿನ ಶಾಖ ಕೊಡು. ನೀನು ಎಲ್ಲಿ ಸೂಜಿ ಹಿಡಿದರೂ ಎಳೆ ನೇರವಾಗಿ ಬರಲಿ.

ಇಂತು ನಿನ್ನ ಒಳ್ಳೆಯದನ್ನೇ ಬಯಸುವ,
ಅತ್ತೆ

ಮರೆತ ಮಾತು: ಪತ್ರವನ್ನು ಡಬ್ಬಿಗೆ ಹಾಕಿ ಬಾ ಎಂದು ಸೂಜಿಯ ಕೈಗೆ ಕೊಟ್ಟೆ. ಓದಿ ವಾಪಸ್ಸು ತಂದಳು. “ಮನಸ್ಸು ತಿರುಗಿಸಿದ್ದು ನಾನೇ” ಎಂದ ಸಾಲಿನ ಮೇಲೆ ಕೆಂಪು ಹೊಲಿಗೆ. ಏನೇ ಇದು ಎಂದು ಕೇಳಿದೆ. ನಾನು ಬೀಗದ ಮುಂದೆ ನಿಂತಿದ್ದಾಗ ಇವಳು ಒಳಗೆ ಹೇಳಿದ್ದಳಂತೆ: “ದಾರ ಬಿಚ್ತೀನಿ ಸರ್, ಅದು ನಿಮ್ಮ ಸಮವಸ್ತ್ರ. ಬರೆದದ್ದು ನನ್ನದು. ಸುಳ್ಳು ಅಂತ ಸಹಿ ಹಾಕಿದ್ರೆ ಅದೇ ಸುಳ್ಳಾಗುತ್ತೆ. ನಮ್ಮಜ್ಜಿ ಈಗ ಅಲ್ಲೇ ನಿಂತಿದ್ದಾರೆ, ನೀವೇ ಬಂದು ನೋಡಿ.” ಅದಕ್ಕೇ ಅವರು ಎದ್ದು ಬಂದದ್ದು. ಆ ಸಾಲು ತೆಗೆಯುತ್ತೇನೆ ಎಂದು ಎದ್ದಾಗಲೇ ಅವಳಿಗೆ ಹೇಳಿದ್ದರಂತೆ. ಅಂದರೆ ನಾನು ಕಾಗದಕ್ಕೆ ಹಾಕಿದ ಹೊಲಿಗೆ ಆಗಲೇ ಸರಿಹೋದ ಬಟ್ಟೆಗೆ ಹಾಕಿದಂತೆ! ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, “ನಿಂಗೆ ಅಷ್ಟು ಖುಷಿಯಾಗಿತ್ತು ಅಜ್ಜಿ” ಎಂದಳು. ಅವಳು ಹೇಳಿದ್ದು ನಿಜ. ಪತ್ರವನ್ನು ತಿದ್ದಿ ಬರೆಯಲಿಲ್ಲ, ಹೊಲಿಗೆ ಇದ್ದಂತೆಯೇ ಕಳಿಸುತ್ತಿದ್ದೇನೆ. ನಾನು ನೋಡಿದ್ದೇನೆ. ನೀನೂ ನೋಡಿದ ಮೇಲೆ ದಾರ ಕತ್ತರಿಸು.