ಪ್ರೇಮಮ್ಮನ ಪಿತ್ತಕೋಶ

ಚನ್ನಗಿರಿ
೧೨-೧೧-೨೦೨೫, ಬುಧವಾರ ಬೆಳಿಗ್ಗೆ

ಚಿ. ಸಂಧ್ಯಾರಾಣಿಗೆ,

ನಿನ್ನ ಕತ್ತುನೋವು ಹೇಗಿದೆ? ಪರದೆಯ ಮುಂದೆ ಕೂರುವವರು ಗಂಟೆಗೊಮ್ಮೆ ಎದ್ದು ನಡೆಯಬೇಕೆಂದು ನೀನೇ ಹೇಳಿದ್ದೆ. ನೀನೂ ನಡೆಯುತ್ತೀಯೆಂದು ನಂಬಿದ್ದೇನೆ. ಇಲ್ಲಿ ನಿನ್ನ ತಾಯಿ ಆರೋಗ್ಯವಾಗಿದ್ದಾಳೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಬರೆದು ಮುಗಿಸಿದ ಕೂಡಲೇ ಸ್ಕ್ಯಾನ್ ಸೆಂಟರಿನ ಮಂಜುನಾಥ ಇದರ ಫೋಟೋ ತೆಗೆದು ಮಂಗಳೂರಿಗೆ, ನಿನ್ನ ಮೊಬೈಲಿಗೆ ಕಳಿಸುತ್ತಾನೆ. ನಿನ್ನೆ ಸಂಜೆ ಮೂರು ಸಲ ಕರೆ ಮಾಡಿದೆ. "ಆಮೇಲೆ ಮಾಡ್ತೀನಪ್ಪ" ಎಂಬ ಸಂದೇಶ ಬಂತು. ಮೇಲಾಗಿ, ಮಾತಿನಲ್ಲಿ ನಾನು ನಿನ್ನ ತಂದೆಯಾಗಿಬಿಡುತ್ತೇನೆ. ಈ ವಿಷಯಕ್ಕೆ ಅದು ಒಳ್ಳೆಯದಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಪ್ರೇಮಮ್ಮನಿಗೆ ಒಂದು ತಿಂಗಳಿಂದ ಮೇಲುಹೊಟ್ಟೆಯ ನೋವು. ಅಕ್ಟೋಬರ್ ಮೂವತ್ತರಂದು ಇಲ್ಲಿಯ ಸೆಂಟರಿನಲ್ಲಿ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆಯಿತು. ಚಿತ್ರಗಳು ಎಂದಿನಂತೆ ನಿನ್ನ ಕಂಪ್ಯೂಟರಿಗೆ ಬಂದವು, ಒಂದು ಗಂಟೆಯೊಳಗೆ ನಿನ್ನ ಸಹಿಯ ವರದಿಯೂ ಬಂತು. ನೋವು ಮಾತ್ರ ಹೋಗಲಿಲ್ಲ. ನಿನ್ನೆ ಅವಳು ಆ ವರದಿ ಹಿಡಿದು ಮತ್ತೆ ನಮ್ಮ ಮನೆಗೆ ಬಂದಳು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ಅಕ್ಷರದಿಂದ ಓದಿದೆ. ಪಿತ್ತಕೋಶ ಸಹಜ ಗಾತ್ರದಲ್ಲಿದೆ, ಅದರಲ್ಲಿ ಕಲ್ಲುಗಳಿಲ್ಲ ಎಂದು ಐದನೆಯ ಸಾಲು ಹೇಳುತ್ತದೆ. ಸಂಧ್ಯಾ, ಪ್ರೇಮಮ್ಮನಿಗೆ ಪಿತ್ತಕೋಶವೇ ಇಲ್ಲ. ಏಳು ವರ್ಷದ ಹಿಂದೆ ದಾವಣಗೆರೆಯಲ್ಲಿ ಅದನ್ನು ಕಲ್ಲುಗಳ ಸಮೇತ ತೆಗೆದುಹಾಕಿದರು. ನಾನೂ ನಿನ್ನ ತಾಯಿಯೂ ನೋಡಲು ಹೋಗಿದ್ದೆವು. ಶೀಷೆಯಲ್ಲಿ ಹಾಕಿಕೊಟ್ಟಿದ್ದ ಕಲ್ಲುಗಳನ್ನು ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಇದನ್ನು ಹೇಳಿದರೆ ಅವಳು ನಿನ್ನನ್ನು ಅನುಮಾನಿಸಲಿಲ್ಲ. "ಹಂಗಾರೆ ಅವ್ರು ತೆಗ್ದೇ ಇಲ್ಲ ಬಿಡ್ರಿ ಮೇಷ್ಟ್ರೇ. ಬರೀ ಹೊಲ್ದು ಕಳ್ಸ್ಯಾರೆ. ಸಂಧ್ಯಮ್ಮ ಒಳಗೆ ನೋಡಿ ಬರ್ದಾಳಲ್ಲ" ಎಂದಳು. ಶೀಷೆಯಲ್ಲಿದ್ದ ಕಲ್ಲುಗಳೇನಾದವು ಎಂದು ಕೇಳಿದೆ. "ಅವು ಇನ್ಯಾರವೋ ಏನೋ. ನಾನು ಸುಮ್ಕೆ ಊರಿಗೆಲ್ಲ ತೋರಿಸ್ಕೆಂಡು ತಿರುಗ್ದೆ" ಎಂದು ನಕ್ಕಳು. ಸ್ವಂತ ಹೊಟ್ಟೆಯ ಮೇಲಿನ ಗಾಯದ ಗುರುತಿಗಿಂತ ನಿನ್ನ ಸಹಿಯನ್ನು ಅವಳು ಹೆಚ್ಚು ನಂಬುತ್ತಾಳೆ.

ಸೆಂಟರಿಗೆ ಹೋಗಿ ಮಂಜುನಾಥನನ್ನು ವಿಚಾರಿಸಿದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಲೆಕ್ಕದಲ್ಲಿ ಹಂತಗಳನ್ನು ಹಾರಿಸಿ ಉತ್ತರ ಬರೆಯುತ್ತಿದ್ದವನು. "ಅದು ಫಾರ್ಮ್ಯಾಟ್ ಸಾರ್. ಎಲ್ಲ ನಾರ್ಮಲ್ ಅಂತ ಮೊದ್ಲೇ ಟೈಪ್ ಆಗಿರ್ತೈತೆ. ಏನಾರ ಕಂಡ್ರೆ ಅಷ್ಟನ್ನ ಮೇಡಂ ತಿದ್ತಾರೆ. ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ದು, ನಾಕೂ ಕಡೇದು ಅವ್ರೊಬ್ರೇ ನೋಡಾಕೆ ಆಗ್ಬೇಕಲ್ಲ" ಎಂದ. ಹಳೆಯ ಆಪರೇಷನ್ನಿನ ವಿಷಯವನ್ನು ನಿನಗೆ ಏಕೆ ತಿಳಿಸಲಿಲ್ಲವೆಂದು ಕೇಳಿದರೆ, "ಆಯಮ್ಮ ಹೇಳ್ಲಿಲ್ಲ ಸಾರ್" ಎಂದ. "ನೀನು ಕೇಳಿದೆಯಾ?" ಎಂದೆ. ತಲೆ ಕೆರೆದುಕೊಂಡ. ಅವನು ನಿನಗೆ ಕಳಿಸಿದ ಚೀಟಿಯಲ್ಲಿ ಇದ್ದದ್ದು 'ಹೊಟ್ಟೆನೋವು' ಎಂಬ ಒಂದೇ ಪದ.

ನಾನು ಇಪ್ಪತ್ತೆರಡು ವರ್ಷ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಮಾಡಿದವನು. ಖಾಲಿ ಪುಟದ ಮೇಲೂ ನಾವು ಕೆಂಪು ಶಾಯಿಯ ಅಡ್ಡಗೆರೆ ಎಳೆಯಬೇಕಿತ್ತು. ನೋಡಿದ ಪುಟ ಯಾವುದು, ನೋಡದೆ ಮಗುಚಿದ ಪುಟ ಯಾವುದು ಎಂದು ತಿಳಿಯಲು ಅದೊಂದೇ ಆಧಾರ. ಆ ಗೆರೆಯನ್ನು ಮೊದಲೇ ಅಚ್ಚು ಹಾಕಿಸಿ ಕೊಟ್ಟಿದ್ದರೆ ನನ್ನ ಕೆಲಸ ಬೇಗ ಮುಗಿಯುತ್ತಿತ್ತು, ಯಾವ ಮಗುವಿನ ಉತ್ತರ ಓದಿದೆ ಎಂಬುದು ಮಾತ್ರ ನನಗೇ ಗೊತ್ತಾಗುತ್ತಿರಲಿಲ್ಲ. ನಿನ್ನ ಫಾರ್ಮ್ಯಾಟ್ ಅಂಥದ್ದು. ಸಾಲುಗಳು ಖಾಲಿಯಿರಲಿ; ಪ್ರತಿ ಅಂಗವನ್ನೂ ನೋಡಿದ ಮೇಲೆ ಬರೆ. ಈ ಕಡೆಯಿಂದ ಆಗಬೇಕಾದದ್ದನ್ನು ನಾನು ನಿನ್ನೆಯೇ ಮಾಡಿದ್ದೇನೆ. ಸೆಂಟರಿನಲ್ಲೇ ಕುಳಿತು, ಸ್ಕ್ಯಾನಿಗೆ ಬಂದವರನ್ನೆಲ್ಲ ಕೇಳಬೇಕಾದ ಆರು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆ: ಹಿಂದೆ ಯಾವ ಆಪರೇಷನ್ ಆಗಿದೆ, ನೋವು ಎಡಕ್ಕೋ ಬಲಕ್ಕೋ, ಹಳೆಯ ಸ್ಕ್ಯಾನ್ ಇದೆಯೇ, ಇತ್ಯಾದಿ. "ಮತ್ತೆ ಪರೀಕ್ಷೆ ಶುರುವಾತು ಸಾರ್" ಎಂದ ಮಂಜುನಾಥ. ಆದರೆ ನೂರು ಪ್ರತಿ ಜೆರಾಕ್ಸ್ ಮಾಡಿಸಿದ.

ಐದನೆಯ ಸಾಲನ್ನು ನೋಡದೆ ಬಿಟ್ಟಿದ್ದರೆ ಉಳಿದ ಸಾಲುಗಳನ್ನು ಹೇಗೆ ನಂಬುವುದು? ಪಿತ್ತನಾಳವೂ ಸಹಜ ಎಂದೇ ಇದೆ. ಇಂದು ಬೆಳಿಗ್ಗೆ ಹಾಲಿನ ಅಂಗಡಿಯ ಹತ್ತಿರ ಪ್ರೇಮಮ್ಮ ಸಿಕ್ಕಳು. ಅವಳ ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಆದ್ದರಿಂದ ಆ ಚಿತ್ರಗಳನ್ನು ಈಗಲೇ ಮೊದಲಿನಿಂದ ನೋಡು. ಸ್ಕ್ಯಾನ್ ಸಂಖ್ಯೆ ೧೧೮೪. ತಿದ್ದಿದ ವರದಿಯಲ್ಲಿ ಹಿಂದಿನದು ತಪ್ಪೆಂದು ತಿಳಿಯುವಂತೆ ಬರೆ. ಹಳೆಯದನ್ನು ಸದ್ದಿಲ್ಲದೆ ತೆಗೆದು ಹೊಸದನ್ನು ಇಡಬೇಡ.

ನಿನ್ನ ತಾಯಿ ಕೇಳಿದಳೆಂದು ತಿಳಿ. ನಿನ್ನ ಕಣ್ಣಿಗೂ ಕೈಗೂ ಆಯಾಸವಿಲ್ಲದಿರಲೆಂದು ಹರಸುವ

ನಿನ್ನ ತಂದೆ
ಕೆ. ಷಣ್ಮುಖಪ್ಪ

ತಾ.ಕ.: ಮಂಜುನಾಥ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಪ್ರೇಮಮ್ಮ ಆ ವರದಿಯನ್ನು ಅಕ್ಟೋಬರ್ ಮೂವತ್ತರ ಸಂಜೆಯೇ ನನ್ನಲ್ಲಿಗೆ ತಂದಿದ್ದಳು. ದಾವಣಗೆರೆಯಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಲೇ ಎಂದು ಕೇಳಿದ್ದಳು. ನಾನು ಕೊನೆಯ ಸಾಲನ್ನೂ ಅದರ ಕೆಳಗಿನ ನಿನ್ನ ಹೆಸರನ್ನೂ ಮಾತ್ರ ಓದಿದೆ. ನಿನ್ನ ತಾಯಿಯನ್ನು ಒಳಗಿನಿಂದ ಕರೆದು ಆ ಹೆಸರನ್ನು ತೋರಿಸಿದೆ. "ನನ್ನ ಮಗಳೇ ನೋಡಿದ್ದಾಳೆ, ಏನೂ ಇಲ್ಲ, ಮನೆಗೆ ಹೋಗು" ಎಂದು ಪ್ರೇಮಮ್ಮನನ್ನು ಕಳಿಸಿದೆ. ಹನ್ನೆರಡು ದಿನ ಅವಳು ನೋವು ತಡೆದುಕೊಂಡದ್ದು ನನ್ನ ಮಾತಿನ ಮೇಲೆ. ಹತ್ತೂವರೆಯ ಬಸ್ಸಿಗೆ ಅವಳನ್ನು ದಾವಣಗೆರೆಗೆ ಕರೆದೊಯ್ಯುತ್ತಿದ್ದೇನೆ. ನಾವು ಇಳಿಯುವಷ್ಟರಲ್ಲಿ ನಿನ್ನ ಹೊಸ ವರದಿ ಮಂಜುನಾಥನ ಮೂಲಕ ಅವಳ ಮೊಬೈಲಿಗೆ ಬಂದಿರಲಿ. ಅದನ್ನೂ ಅವಳು ಓದಿ ಹೇಳಿರೆಂದು ನನ್ನ ಕೈಗೇ ಕೊಡುತ್ತಾಳೆ. ಅದಕ್ಕೆ ಮೊದಲು, ಆ ಸಂಜೆ ನಾನು ಓದಿರಲಿಲ್ಲವೆಂದು ಅವಳಿಗೆ ಹೇಳಿಬಿಡಬೇಕು.