ನಾನು ಹೊಡೆದುಹಾಕಿಸಿದ ಮಾತು

೧೪ ಅಕ್ಟೋಬರ್ ೧೯೬೧

ಲ್ಯಾಂಟಿ ಮಾವನಿಗೆ,

ಎಸ್ತರಳ ನಮಸ್ಕಾರ. ಒಂಬತ್ತು ವರ್ಷದ ಹಿಂದೆ, ತಾಯಿಯಿಂದ ಮರಿ ಬಿಡಿಸುವ ದಿನ, ಹಳ್ಳಿಗಳ ಮಾತು ಕೂಡಿಹಾಕಲು ಟಿಪ್ಪಣಿ ಪುಸ್ತಕ ಹಿಡಿದು ಒಬ್ಬರು ಬಂದಿದ್ದರಲ್ಲ, ಅವರ ವಿಷಯ ಬರೆಯಬೇಕಾಗಿದೆ.

ನೀನು ದೊಡ್ಡಿಯ ಇಕ್ಕಟ್ಟಿನ ಓಣಿಯ ತುದಿಯಲ್ಲಿ ಗೇಟು ಹಿಡಿದು ನಿಂತಿದ್ದೆ. ಕುರಿಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ನಾನು ಹಿಂದಿನಿಂದ "ತಾಯಿ", "ಮರಿ" ಎಂದು ಕೂಗಬೇಕು, ನೀನು ಗೇಟನ್ನು ಎಡಕ್ಕೋ ಬಲಕ್ಕೋ ತಳ್ಳಬೇಕು. ಎಂಟನೆಯ ವಯಸ್ಸಿನಿಂದ ನಾನೇ ನಿನಗೆ ಕೂಗುವವಳು.

ಕೆಲಸ ನಿಲ್ಲಿಸಿದಾಗ ಆ ಪುಸ್ತಕದವರು, ತಾಯಿ ಮರಿಗಳನ್ನು ಹೀಗೆ ಬೇರೆ ಮಾಡುವುದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದರು.

"ಶೆಡ್ ಮಾಡೋದು ಅಂತೀವಿ. ಯಾಕೆ, ನಿಮ್ಮೂರಲ್ಲಿ ಕುರಿಗಳು ತಾವಾಗೇ ಎರಡು ಸಾಲು ಮಾಡ್ಕೊಂಡು ನಿಂತ್ಕೋತಾವಾ?" ಎಂದೆ ನೀನು.

ಅವರು ನಗುತ್ತ ಬರೆದುಕೊಂಡರು. ಆಗ ನಾನು ಬಾಯಿ ಹಾಕಿದೆ. ನನಗೆ ಹದಿನೇಳು, ಪೇಟೆಯ ಶಾಲೆಯವಳು. "ಮಾವ ತಮಾಷೆಗೆ ಹೇಳ್ತಿದ್ದಾನೆ ಸಾರ್. ಇಲ್ಲಿ ಯಾರೂ ಹಾಗನ್ನಲ್ಲ." ಅವರು ಗೀಟು ಎಳೆದು ಹೊಡೆದುಹಾಕಿದರು. ಕುರಿಯ ಕಿವಿಯಲ್ಲಿ ಕೊಯ್ಯುವ ಗುರುತಿಗೆ ಏನನ್ನುತ್ತೀರಿ ಎಂದು ನಿನ್ನನ್ನೇ ಮತ್ತೆ ಕೇಳಿದರು.

"ಗೊತ್ತಿಲ್ಲ ಸಾರ್. ನಮ್ಮ ಹುಡುಗಿ ಓದ್ದೋಳು, ಅವಳನ್ನೇ ಕೇಳಿ."

ಅವರು ಹೋದ ಮೇಲೆ ನಾನು ಮೂರು ಮರಿಗಳನ್ನು ತಪ್ಪಾಗಿ ಕೂಗಿದೆ. ನೀನು ಬೈಯಲಿಲ್ಲ. ಬೈದಿದ್ದರೆ ಈ ಪತ್ರವನ್ನು ಅಂದೇ ಬಾಯಲ್ಲಿ ಹೇಳಿ ಮುಗಿಸುತ್ತಿದ್ದೆನೋ ಏನೋ.

ಈಗ ನಾನು ಕೆಲಸ ಮಾಡುವುದು ಇಂಗ್ಲಿಷ್ ನಾಡುನುಡಿಗಳ ನಿಘಂಟಿನ ಕಚೇರಿಯಲ್ಲಿ. ಶೆಡ್ ಎಂಬ ನಿನ್ನ ಮಾತಿಗೆ ಇಂಗ್ಲಿಷಿನಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು, ಮಾವ. ಅದರ ಬೇರು ಇನ್ನೂ ಹಳೆಯದು: ಕಡಿ, ಸೀಳು ಎಂಬ ಅರ್ಥ. ಜರ್ಮನ್ನರಲ್ಲಿ ಅದರ ನಂಟಿನ ಮಾತನ್ನು ಗಂಡಹೆಂಡಿರ ವಿಚ್ಛೇದನಕ್ಕೆ ಬಳಸುತ್ತಾರೆ. ಅಜ್ಜಿ ನನಗೆ ಬೈತಲೆ ತೆಗೆಯುವಾಗ ಅನ್ನುತ್ತಿದ್ದುದೂ ಇದನ್ನೇ. ಪೇಟೆಯವರು ಕಣ್ಣೀರು ಸುರಿಸುವುದಕ್ಕೆ, ಎಲೆ ಉದುರುವುದಕ್ಕೆ ಅದನ್ನು ಇಟ್ಟುಕೊಂಡು, ಬೇರ್ಪಡಿಸುವುದೆಂಬ ಮೊದಲ ಅರ್ಥವನ್ನು ಮರೆತರು. ಅದನ್ನು ಉಳಿಸಿಕೊಂಡವರು ಕುರಿ ಕಾಯುವವರು.

ಇಲ್ಲಿಗೆ ಸೇರಿದ ಮೊದಲ ವಾರವೇ ಆ ಮಾತಿನ ಬಗ್ಗೆ ಅಂದು ನಮ್ಮ ಕಣಿವೆಯಿಂದ ಬರೆದು ತಂದ ಚೀಟಿ ಕೈಗೆ ಸಿಕ್ಕಿತು. "ಇಲ್ಲಿ ಬಳಕೆಯಿಲ್ಲ" ಎಂದಿತ್ತು. ಅದಕ್ಕೆ ಸಾಕ್ಷಿ ನಾನು. ತಿದ್ದಬೇಕಾದರೆ ಸುಳ್ಳು ಹೇಳಿದ್ದು ಯಾರೆಂದು ಹೇಳಬೇಕಿತ್ತು. ನಾಲ್ಕು ವರ್ಷ ಸುಮ್ಮನಿದ್ದೆ. ಅಚ್ಚಿಗೆ ಹೋಗುವ ಹಾಳೆಯಲ್ಲೂ ಹಾಗೇ ಕಂಡಾಗ, ಮಂಗಳವಾರ, ಸಂಪಾದಕರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಆ ಮನುಷ್ಯ ಇದ್ದಾರೇನಮ್ಮಾ? ಹಾಗಾದ್ರೆ ಅವರನ್ನ ಕೇಳ್ಕೊಂಡು ಬಾ" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಆ ಮಾತಿನ ಕೆಳಗೆ, ಆಡಿದವರು ಎಂಬಲ್ಲಿ, ನಿನ್ನ ಹೆಸರು ಹಾಕಲೇ? ತಿಂಗಳ ಕೊನೆಯವರೆಗೆ ಸಮಯವಿದೆ. ನಿನ್ನಿಂದ ಉತ್ತರ ಬರದಿದ್ದರೂ ಮಾತು ಅಚ್ಚಾಗುತ್ತದೆ, ಹೆಸರಿನ ಜಾಗ ಮಾತ್ರ ಖಾಲಿ ಇರುತ್ತದೆ. ನನ್ನ ಹೆಸರು ಹಾಕಬಹುದೆಂದು ಸಂಪಾದಕರು ಹೇಳಿದರು. ಬೇಡವೆಂದೆ. ನಾನು ಆ ಮಾತನ್ನು ಆಡಿದವಳಲ್ಲ.

ಈ ಚಳಿಗಾಲ ನಿನ್ನ ಮಂಡಿಗಳನ್ನೂ ಗುಡ್ಡದ ಮೇಲಿನ ಕುರಿಗಳನ್ನೂ ಹೆಚ್ಚು ನೋಯಿಸದಿರಲಿ.

ನಿನ್ನ ತಂಗಿಯ ಮಗಳು,
ಎಸ್ತರ್